ಮೊದಲ ಪಂಕ್ತಿಗೆ ಕೂರದ ಕ್ಯಾಂಡಿಡೇಟ್

ಮೆಲ್ಬರ್ನಿನಲ್ಲಿ ನಮ್ಮ ಕೌನ್ಸಿಲ್, ಅಂದರೆ ನಗರಸಭೆಯ, ಚುನಾವಣೆಯ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಬಂದದ್ದು ಕರೆಂಟ್ ಬಿಲ್ಲಿನ ಕೆಳಗೆ, ಪಿಜ್ಜಾ ಅಂಗಡಿಯ ಜಾಹೀರಾತಿನ ಮೇಲೆ ವಾರಗಟ್ಟಲೆ ಬಿದ್ದಿರುತ್ತದೆ. ಓಟು ಹಾಕದಿದ್ದರೆ ಈ ದೇಶದಲ್ಲಿ ದಂಡ. ಆ ಭಯಕ್ಕೆ ಕೊನೆಯ ಗಳಿಗೆಯಲ್ಲಿ ಹುಡುಕಿ ತೆಗೆಯುತ್ತೇನೆ. ಮೊನ್ನೆ ಹಾಗೇ ಪೆನ್ನು ಹಿಡಿದು ಕೂತಿದ್ದಾಗ ಸಿಡ್ನಿಯಿಂದ ರಘು ಫೋನ್ ಮಾಡಿದ. ರಘು ಮಂಗಳೂರಿನವನು, ಪೆಂಡಲ್ ಹಿಲ್ಲಿನಲ್ಲಿ ಅಕೌಂಟೆಂಟ್. ಸುತ್ತಿ ಬಳಸಿ ಮಾತಾಡುವುದು ಅವನಿಗೆ ಗೊತ್ತಿಲ್ಲ.

"ಕ್ಯಾಂಡಿಡೇಟ್ ಹೋದ್ರು ಮಾರಾಯ್ತಿ. ಇವತ್ತು ಬೆಳಿಗ್ಗೆ, ನಿದ್ದೆಯಲ್ಲೇ" ಎಂದ.

ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟೆ. ಎದುರಿಗೆ ಖಾಲಿ ಚೌಕಗಳ ಸಾಲು, ಒಂದೊಂದು ಚೌಕದ ಪಕ್ಕ ಒಂದೊಂದು ಹೆಸರು. ಬೇಕಾದವರಿಗೆ ಒಂದು, ಆಮೇಲಿನವರಿಗೆ ಎರಡು ಎಂದು ಅಂಕಿ ಬರೆಯಬೇಕು. ಅದನ್ನು ನೋಡಿ ಮೊದಲು ನಗು ಬಂತು, ಬೆನ್ನಿಗೇ ಅಳು ಬಂತು. ಯಾಕೆಂದು ಹೇಳುತ್ತೇನೆ.

ಅವರಿಗೆ ಹೆಸರಿರಲಿಲ್ಲ ಎಂದಲ್ಲ. ಉಡುಪಿ ಕಡೆಯ, ಬಾಯಿ ತುಂಬುವ ಹೆಸರೇ ಇತ್ತು. ಆದರೆ ನಾನು ಮೈಸೂರಿನಿಂದ ಸಿಡ್ನಿಗೆ ಹೋಗಿ, ಅಲ್ಲಿಯ ನಾರ್ವೆಸ್ಟಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸಕ್ಕೆ ಸೇರಿ, ಪೆಂಡಲ್ ಹಿಲ್ಲಿನಲ್ಲಿ ರೆಂಟಿಗೆ ಮನೆ ಹಿಡಿಯುವ ಹೊತ್ತಿಗಾಗಲೇ ಕನ್ನಡದವರೆಲ್ಲ ಅವರನ್ನು ಕ್ಯಾಂಡಿಡೇಟ್ ಎಂದೇ ಕರೆಯುತ್ತಿದ್ದರು. ಆಗಿನ್ನೂ ಅವರು ಯಾವುದಕ್ಕೂ ನಿಂತಿರಲಿಲ್ಲ. ನಿಲ್ಲುವವರ ಹಾಗೆ ಓಡಾಡುತ್ತಿದ್ದರು, ಅಷ್ಟೆ. ದಿನಸಿ ಅಂಗಡಿಗೆ ತೊಂಡೆಕಾಯಿ ತರಲು ಬಂದರೂ ಮೈಮೇಲೆ ಕೋಟು, ಕಾಲಲ್ಲಿ ಬಿಳೀ ಸ್ಪೋರ್ಟ್ಸ್ ಶೂ. ಕೋಟು ಜನರನ್ನು ಕಾಣಲಿಕ್ಕೆ, ಶೂ ಜನರನ್ನು ಕಾಣಲು ಹೋಗಲಿಕ್ಕೆ ಎಂದು ಅವರ ಹೆಂಡತಿ ನಗುತ್ತಿದ್ದರು.

ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಅವರಿಗೆ ಬೆಳಗಿನ ಪಾಳಿಯ ಕೆಲಸ. ಮಧ್ಯಾಹ್ನ ಮೂರಕ್ಕೆಲ್ಲ ಮನೆಗೆ ಬಂದು, ಒಂದು ಲೋಟ ಚಹಾ ಕುಡಿದು ಹೊರಟರೆ ಕತ್ತಲಾಗುವವರೆಗೆ ಅವರು ಪಕ್ಷದ ಸ್ವತ್ತು. ಮನೆ ಮನೆಗೆ ಹೋಗಿ ಬಾಗಿಲು ತಟ್ಟುವುದು, ಕರಪತ್ರ ಹಾಕುವುದು, ಯಾರದೋ ಮರದ ಕೊಂಬೆ ವೈರಿಗೆ ತಾಗಿದ್ದರೆ ಕೌನ್ಸಿಲ್ಲಿಗೆ ದೂರು ಕೊಡುವುದು. ಯಾವ ಮನೆಗೆ ಹೋದರೂ ಬಾಗಿಲಲ್ಲಿ ಶೂ ಬಿಚ್ಚುವುದು ಅವರ ಪದ್ಧತಿ. ಬಿಳಿಯರ ಮನೆಯಾದರೂ ಸರಿಯೇ. ಇವರು ಬಗ್ಗಿ ಲೇಸು ಬಿಚ್ಚುವುದನ್ನು ಕಂಡು, ಈ ಮನುಷ್ಯ ರಾತ್ರಿ ಇಲ್ಲೇ ಉಳಿಯುವ ಹಾಗಿದೆ ಎಂದು ಗಾಬರಿಯಾದವರಿದ್ದಾರೆ. ನಾಚಿಕೆಗೆ ಒಳಗೆ ಕರೆದು ಕಾಫಿ ಕೊಟ್ಟವರೂ ಇದ್ದಾರೆ. ಲೇಸು ಇಲ್ಲದ ಶೂ ತಗೊಳ್ಳಬಾರದೇ ಅಂಕಲ್ ಎಂದು ನಾನೊಮ್ಮೆ ಕೇಳಿದ್ದೆ.

"ಲೇಸು ಬಿಚ್ಚುವಷ್ಟು ಹೊತ್ತು ಅವ್ರಿಗೆ ಬಾಗಿಲು ಹಾಕ್ಲಿಕ್ಕೆ ಆಗುದಿಲ್ಲ, ಗೊತ್ತುಂಟಾ?" ಎಂದರು. ಹೀಗೆ ಎಷ್ಟು ನಿಜ, ಎಷ್ಟು ತಮಾಷೆ ಎಂದು ತಿಳಿಯದ ಹಾಗೆ ಮಾತಾಡುವುದರಲ್ಲಿ ಅವರು ಗಟ್ಟಿಗರು.

ಅವರ ಆಸೆ ಸಣ್ಣದು. ನಮ್ಮ ಸಬರ್ಬಿನ ಎಷ್ಟೋ ಬೀದಿಗಳಲ್ಲಿ ಫುಟ್‌ಪಾತೇ ಇರಲಿಲ್ಲ. ಮನೆ, ಮನೆಯ ಮುಂದೆ ಹುಲ್ಲು, ಆಮೇಲೆ ಸೀದಾ ಡಾಂಬರು ರಸ್ತೆ. ಕಾರಿನಲ್ಲಿ ಓಡಾಡುವ ನಮಗೆ ಅದು ಕಣ್ಣಿಗೇ ಬಿದ್ದಿರಲಿಲ್ಲ. ಮಕ್ಕಳ ಮನೆಗೆ ಆರಾರು ತಿಂಗಳಿಗೆಂದು ಬರುವ ಅಪ್ಪ ಅಮ್ಮಂದಿರು ಬೆಳಿಗ್ಗೆ ವಾಕಿಂಗ್ ಹೊರಟರೆ ಒದ್ದೆ ಹುಲ್ಲಿನಲ್ಲಿ ಜಾರಬೇಕು, ಇಲ್ಲವೇ ಕಾರುಗಳ ನಡುವೆ ನಡೆಯಬೇಕು. ಕ್ಯಾಂಡಿಡೇಟರ ಅತ್ತೆ ಹಾಗೆ ಹುಲ್ಲಿನಲ್ಲಿ ಜಾರಿ ಸೊಂಟ ಮುರಿದುಕೊಂಡು, ಬಂದ ಆರು ತಿಂಗಳನ್ನೂ ಹಾಸಿಗೆಯಲ್ಲೇ ಕಳೆದು ಊರಿಗೆ ಹೋಗಿದ್ದರು. ಅಲ್ಲಿಂದ ಶುರು. ತಾನು ಕೌನ್ಸಿಲರ್ ಆಗಬೇಕು, ಸ್ಟೇಷನ್ನಿನಿಂದ ಪಾರ್ಕಿನವರೆಗೆ ಫುಟ್‌ಪಾತ್ ಹಾಕಿಸಬೇಕು. ಇಷ್ಟಕ್ಕಾಗಿ ಅವರು ಪಕ್ಷ ಸೇರಿದ್ದು. ಪಕ್ಷದ ಸಿದ್ಧಾಂತದ ಬಗ್ಗೆ ಕೇಳಿದರೆ, ಅದೂ ಒಳ್ಳೆಯದೇ ಉಂಟು ಎನ್ನುತ್ತಿದ್ದರು.

ಇಲ್ಲಿ ಪಕ್ಷದ ಟಿಕೆಟ್ ಮೇಲಿನಿಂದ ಬರುವುದಿಲ್ಲ. ಕನಿಷ್ಠ ನಮ್ಮ ಕಡೆ ಬರುತ್ತಿರಲಿಲ್ಲ. ಯಾರು ಅಭ್ಯರ್ಥಿಯಾಗಬೇಕೆಂದು ಆ ಜಾಗದ ಪಕ್ಷದ ಸದಸ್ಯರೇ ಒಂದು ದಿನ ಸೇರಿ ಓಟು ಹಾಕುತ್ತಾರೆ. ಅದಕ್ಕೆ ಪ್ರಿಸೆಲೆಕ್ಷನ್ ಎನ್ನುತ್ತಾರೆ. ಇದನ್ನು ವಿವರಿಸುವಾಗ ಕ್ಯಾಂಡಿಡೇಟರ ಮುಖ ಅರಳುತ್ತಿತ್ತು. "ಊರಲ್ಲಾದ್ರೆ ಟಿಕೆಟಿಗೆ ಯಾರ್ಯಾರ ಮನೆ ಬಾಗ್ಲು ಕಾಯ್ಬೇಕು ಮಾರಾಯ್ತಿ. ಇಲ್ಲಿ ನಿಮ್ಮ ಮನೆ ಬಾಗ್ಲಿಗೆ ಬಂದ್ರೆ ಸಾಕು."

ಬಂದರು ಕೂಡ. ಆದರೆ ಬಂದವರು ಓಟು ಕೇಳಲಿಲ್ಲ! ಕಾಫಿ ಕುಡಿದರು, ಇಲ್ಲೇ ನೆಲೆಸಲು ಹಾಕಿದ್ದ ನನ್ನ ಪಿಆರ್ ಅರ್ಜಿ ಎಲ್ಲಿಗೆ ಬಂತೆಂದು ವಿಚಾರಿಸಿದರು, ಮಗಳ ಕೆಮ್ಮಿಗೆ ಕಷಾಯ ಹೇಳಿಕೊಟ್ಟರು, ಎದ್ದು ಲೇಸು ಕಟ್ಟಿಕೊಂಡು ಹೊರಟೇಬಿಟ್ಟರು. ಕಾರಿನಲ್ಲಿ ಕಾದು ಕೂತಿದ್ದ ಅವರ ಹೆಂಡತಿ, ನಮ್ಮ ಆಂಟಿಯೇ ಕಿಟಕಿ ಇಳಿಸಿ ಕೂಗಿ ಹೇಳಬೇಕಾಯಿತು. "ಇವ್ರು ಕೇಳುದಿಲ್ಲ. ಇವ್ರಿಗೆ ಕೇಳ್ಲಿಕ್ಕೆ ಬರುದಿಲ್ಲ. ನಾನು ಕೇಳ್ತೇನೆ. ಪಾರ್ಟಿಗೆ ಸೇರಿ ಇವ್ರಿಗೆ ಓಟು ಹಾಕಿ, ಆಯ್ತಾ?"

ಸೇರಿದೆವು. ಬರೀ ಸೇರಿದರೆ ಸಾಲದು, ವರ್ಷದಲ್ಲಿ ಇಂತಿಷ್ಟು ಮೀಟಿಂಗಿಗೆ ಹೋಗಿದ್ದರೆ ಮಾತ್ರ ಓಟಿನ ಹಕ್ಕು. ಆ ಮೀಟಿಂಗುಗಳ ನೆನಪಾದರೆ ಈಗಲೂ ಆಕಳಿಕೆ ಬರುತ್ತದೆ. ಕಸದ ಡಬ್ಬಿಯ ಮುಚ್ಚಳ ಕೆಂಪಿರಬೇಕೋ ಹಸಿರಿರಬೇಕೋ ಎಂಬುದರ ಮೇಲೆ ಇಡೀ ಒಂದು ಸಂಜೆ ಚರ್ಚೆ ನಡೆದದ್ದಿದೆ. ನಾವೆಲ್ಲ ಹಿಂದಿನ ಸಾಲಿನಲ್ಲಿ ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ತೂಕಡಿಸುತ್ತಿದ್ದೆವು. ಮುಂದಿನ ಸಾಲಿನ ಹಳೆಯ ಸದಸ್ಯರು ತಿರುಗಿ ತಿರುಗಿ ನೋಡುತ್ತಿದ್ದರು. ದಿಢೀರನೆ ಬಂದ ಈ ಕಂದುಬಣ್ಣದ ದಂಡು ಯಾಕೆ ಬಂದಿದೆ ಎಂದು ಅವರಿಗೆ ಗೊತ್ತಿಲ್ಲದೇನಿಲ್ಲ. ಕ್ಯಾಂಡಿಡೇಟರು ಸ್ಟೀಲ್ ಡಬ್ಬಿಯಲ್ಲಿ ಗೋಳಿಬಜೆ ತುಂಬಿಕೊಂಡು ಬಂದು ಮೊದಲು ಆ ಮುಂದಿನ ಸಾಲಿಗೇ ಹಿಡಿಯುತ್ತಿದ್ದರು. ತಿಂದ ಮೇಲೆ ಅವರ ನೋಟ ಸ್ವಲ್ಪ ಮೆತ್ತಗಾಗುತ್ತಿತ್ತು.

ಎದುರು ನಿಂತವಳು ಮಾರ್ಗರೆಟ್, ನಿವೃತ್ತ ಶಾಲಾ ಟೀಚರ್. ಪಕ್ಷದ ಆ ಬ್ರಾಂಚಿನಲ್ಲಿ ಕುರ್ಚಿ ಹಾಕಿ, ಚಹಾ ಕಾಸಿ, ಕಸ ಗುಡಿಸಿ ಕೂದಲು ಬೆಳ್ಳಗೆ ಮಾಡಿಕೊಂಡವಳು. ಕ್ಯಾಂಡಿಡೇಟರು ಮೊದಲ ಸಲ ಹೋದ ದಿನ ಪಕ್ಕದಲ್ಲಿ ಕೂರಿಸಿಕೊಂಡು, ಯಾವಾಗ ಕೈ ಎತ್ತಬೇಕು, ಯಾವಾಗ ಇಳಿಸಬೇಕು ಎಂದು ಹೇಳಿಕೊಟ್ಟವಳು ಅವಳೇ. ಅವಳ ಮೇಲೆ ನಮಗಾರಿಗೂ ಕೋಪವಿರಲಿಲ್ಲ. ಲೆಕ್ಕ ಮಾತ್ರ ಸ್ಪಷ್ಟವಾಗಿತ್ತು. ನಮ್ಮವರದ್ದು, ಗೋಳಿಬಜೆಗೆ ಒಲಿದ ಹಳಬರದ್ದು ಸೇರಿಸಿದರೆ ಇವರಿಗೆ ಒಂದು ಓಟು ಹೆಚ್ಚು. ಲೆಕ್ಕ ಮಾಡಿದವನು ರಘು. ಅಕೌಂಟೆಂಟನ ಲೆಕ್ಕ ತಪ್ಪುವುದುಂಟೇ ಎಂದು ಎಲ್ಲರೂ ನಿಶ್ಚಿಂತೆಯಾಗಿದ್ದೆವು. ಕ್ಯಾಂಡಿಡೇಟರು ಗಾಬರಿಯಾದಾರೆಂದು ಅವರಿಗೆ ಮಾತ್ರ, ಆರಾಮಾಗಿ ಗೆಲ್ತೀರಿ ಎಂದಷ್ಟೇ ಹೇಳಿದ್ದೆವು.

ಶನಿವಾರ ಓಟಾಯಿತು. ನನ್ನ ಆಫೀಸಿನಲ್ಲಿ ಆ ವಾರಾಂತ್ಯ ಹೊಸ ಸಾಫ್ಟ್‌ವೇರಿನ ರಿಲೀಸ್ ಇತ್ತು, ಮ್ಯಾನೇಜರನ ಕಾಲಿಗೆ ಬೀಳುವುದೊಂದು ಬಾಕಿ ಎನ್ನುವಷ್ಟು ಕೇಳಿಕೊಂಡು ಬಂದಿದ್ದೆ. ರಘುವಿನ ಹೆಂಡತಿ ತುಂಬು ಬಸುರಿ, ಅವಳೂ ಬಂದಿದ್ದಳು. ಎಣಿಸಿದರು. ಮಾರ್ಗರೆಟ್ ಒಂದು ಓಟಿನಿಂದ ಗೆದ್ದಿದ್ದಳು.

ನನಗೆ ಅಲ್ಲೇ ಕಣ್ಣು ತುಂಬಿ ಬಂತು. ಕ್ಯಾಂಡಿಡೇಟರು ಎದ್ದು ಹೋಗಿ ಅವಳ ಕೈ ಕುಲುಕಿ ನಾಲ್ಕು ಮಾತಾಡಿದರು. ಏನು ಹೇಳಿದರೋ ನೆನಪಿಲ್ಲ. ಅವರ ಮುಖ ಮಾತ್ರ ನೆನಪಿದೆ. ಸೋತವರ ಮುಖವಲ್ಲ ಅದು. ಕೈತಪ್ಪಿ ಯಾರದೋ ಮನೆಯ ಪಿಂಗಾಣಿ ಬಟ್ಟಲು ಒಡೆದವರ ಮುಖ.

ಸೋಲಿಗಿಂತ ಆಮೇಲಿನದು ಕೆಟ್ಟದ್ದು. ಲೆಕ್ಕ ತಪ್ಪಿಲ್ಲವೆಂದರೆ ನಮ್ಮಲ್ಲೇ ಯಾರೋ ಕೈಕೊಟ್ಟಿದ್ದಾರೆ. ಯಾರು? ಮಾರ್ಗರೆಟ್ ಹೇಳಿ ರಘುವಿನ ಹೆಂಡತಿಗೆ ಲೈಬ್ರರಿಯಲ್ಲಿ ಕೆಲಸ ಕೊಡಿಸಿದ್ದಳಂತೆ. ಫಲಿತಾಂಶದ ನಂತರ ರಘು ಮಾರ್ಗರೆಟ್ ಜೊತೆ ನಗುತ್ತಾ ನಿಂತಿದ್ದನಂತೆ. ಮತ್ತೆ ಲೆಕ್ಕ ಮಾಡಿದವನೂ ಅವನೇ ಅಲ್ಲವೇ? ಅಷ್ಟು ಸಾಕಾಯಿತು. ಯಾರೂ ಎದುರಿಗೆ ಅನ್ನಲಿಲ್ಲ, ನಮ್ಮವರು ಎದುರಿಗೆ ಅನ್ನುವವರಲ್ಲ. ಒಂದು ಮನೆಯ ಸತ್ಯನಾರಾಯಣ ಪೂಜೆಗೆ ರಘುವಿನ ಮನೆಯವರನ್ನು ಕರೆಯುವುದು ಮರೆತುಹೋಯಿತು. ಇನ್ನೊಂದು ಮನೆಯ ಹುಟ್ಟುಹಬ್ಬಕ್ಕೂ ಮರೆತುಹೋಯಿತು. ಮಗು ಹುಟ್ಟಿದರೆ ಬಾಣಂತಿಗೆ ಸರದಿಯ ಮೇಲೆ ಅಡುಗೆ ಮಾಡಿ ಕೊಟ್ಟು ಬರುವುದು ನಮ್ಮಲ್ಲಿ ರೂಢಿ. ರಘುವಿನ ಮನೆಗೆ ಮೂರ್ನಾಲ್ಕು ದಿನ ಹೋದ ಊಟ ಆಮೇಲೆ ನಿಂತಿತು.

ಕ್ಯಾಂಡಿಡೇಟರಿಗೆ ಇದೊಂದೂ ಗೊತ್ತಿರಲಿಲ್ಲ. ಸೋತ ಮೇಲೆ ಅವರು ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ, ಅಷ್ಟೇ ಆಗಿದ್ದರು. ಗಣೇಶನ ಹಬ್ಬದ ಹಿಂದಿನ ದಿನ ಆಂಟಿಯೇ ಹೇಳಿದರಂತೆ. "ರಘು ಬರುದಿಲ್ಲವಂತೆ. ಓಟು ತಪ್ಪಿಸಿದ್ದು ಅವನೇ ಅಂತ ಎಲ್ರೂ ಹೇಳ್ತಾರೆ." ಅವರು ಆಗಲೇ ಶೂ ಹಾಕಿಕೊಂಡು ರಘುವಿನ ಮನೆಗೆ ಹೋದರು. ನಾಳೆ ನೀನು ಬರಲೇಬೇಕು ಎಂದು ಗೇಟಿನಲ್ಲಿ ನಿಂತೇ ಹೇಳಿ ಬಂದರು.

ಬಾಡಿಗೆಗೆ ಹಿಡಿದ ಶಾಲೆಯ ಹಾಲ್‌ನಲ್ಲಿ ಊಟ. ಮೊದಲ ಪಂಕ್ತಿ ಕೂತಿತ್ತು. ಎಂದಿನಂತೆ ಕ್ಯಾಂಡಿಡೇಟರ ಕೈಯಲ್ಲಿ ಸಾರಿನ ಬಕೆಟ್ಟು. ರಘು ಬಂದು ಮೂಲೆಯಲ್ಲಿ ಕೂತಿದ್ದ, ಅವನ ಅಕ್ಕಪಕ್ಕದ ಎರಡು ಎಲೆಗಳು ಖಾಲಿ. ಇವರು ಸಾರು ಬಡಿಸುತ್ತಾ ಅಲ್ಲಿಯವರೆಗೆ ಹೋದವರು ಬಕೆಟ್ಟನ್ನು ನೆಲಕ್ಕಿಟ್ಟರು.

"ಎಲ್ರೂ ಒಮ್ಮೆ ಕೇಳಿ. ಆ ಓಟು ತಪ್ಪಿಸಿದ್ದು ರಘು ಅಲ್ಲ. ನಾನು."

ಸಾರಿನ ಕೈ ಒರೆಸಿಕೊಂಡು ಮುಂದುವರಿಸಿದರು.

"ಚೀಟಿ ಕೈಗೆ ಕೊಟ್ರು. ನೋಡಿದ್ರೆ ಮೇಲೆ ನನ್ನ ಹೆಸ್ರು. ಅದಕ್ಕೆ ನಾನೇ ಒಂದು ಅಂತ ಬರೀಬೇಕು. ಕೈ ಬರ್ಲಿಲ್ಲ ಮಾರಾಯ್ರೆ. ಊಟಕ್ಕೆ ಕರ್ದವ್ನು ತಾನೇ ಹೋಗಿ ಮೊದ್ಲ ಪಂಕ್ತಿಗೆ ಕೂತ್ಕೊಳ್ತಾನಾ? ಹೇಗೂ ನಾವು ಗೆಲ್ತೇವೆ, ಪಾಪ, ಅವಳಿಗೂ ಒಂದು ಓಟು ಹೆಚ್ಚಿಗೆ ಇರ್ಲಿ ಅಂತ ಅವಳ ಹೆಸ್ರಿಗೆ ಒಂದು ಬರ್ದೆ."

ಮೊದಲು ಯಾರೋ ನಕ್ಕರು. ಆಮೇಲೆ ಇಡೀ ಪಂಕ್ತಿಯೇ ನಕ್ಕಿತು. ಎಂಥ ದೊಡ್ಡ ಮನಸ್ಸು ಎಂದರು ಒಬ್ಬರು. ಇಂಥವರು ರಾಜಕೀಯಕ್ಕೆ ಬೇಕು ಎಂದರು ಇನ್ನೊಬ್ಬರು. ಅವರು ಎಲ್ಲರಿಗೂ ಕೈಮುಗಿಯುತ್ತಾ ನಿಂತಿದ್ದರು. ನಿಜ ಹೇಳುತ್ತೇನೆ, ನನಗೆ ನಗು ಬರಲಿಲ್ಲ, ಮೈ ಉರಿಯಿತು. ಆದರೆ ಅದಕ್ಕೆ ಮಾತು ಕೊಟ್ಟವನು ರಘು. ಎಲೆ ಮುಂದೆಯೇ ಎದ್ದು ನಿಂತ.

"ದೊಡ್ಡ ಮನಸ್ಸು ಎಂತದ್ದು? ಅಂಕಲ್, ನೀವು ನಿಮ್ಮ ಓಟು ಕೊಟ್ಟದ್ದಲ್ಲ. ನಮ್ಮೆಲ್ಲರ ಓಟು ತೆಗ್ದು ಅವಳಿಗೆ ಕೊಟ್ಟದ್ದು. ನನ್ನ ಹೆಂಡತಿ ಆ ಹೊಟ್ಟೆ ಹೊತ್ಕೊಂಡು ಬಂದು ನಿಮ್ಗೆ ಹಾಕಿದ್ಳು. ನಿಮ್ಗೆ ನೀವೇ ಬೇಡ ಅಂತಾದ್ರೆ ನಮ್ಮನ್ನು ಯಾಕೆ ಕರ್ದದ್ದು?"

ಊಟ ಬಿಟ್ಟು ಹೋದ. ಕ್ಯಾಂಡಿಡೇಟರು ಬಕೆಟ್ಟು ಎತ್ತಿಕೊಂಡು ಉಳಿದವರಿಗೆ ಸಾರು ಬಡಿಸಿದರು. ಆ ದಿನ ಅವರು ಯಾವ ಪಂಕ್ತಿಗೂ ಕೂರಲಿಲ್ಲ.

ಕಂಪನಿ ನನ್ನನ್ನು ಮೆಲ್ಬರ್ನಿಗೆ ಕಳಿಸಿದ ಮೇಲೆ ಅವರೊಡನೆ ಸಲಿಗೆ ಹೆಚ್ಚಾಯಿತು. ಅವರ ಮಗಳ ಮನೆ ಅಲ್ಲಿತ್ತು, ಬಂದಾಗಲೆಲ್ಲ ನನ್ನನ್ನು ಕರೆದುಕೊಂಡು ಸುತ್ತುತ್ತಿದ್ದರು. ಒಮ್ಮೆ ಟ್ರಾಮಿನಲ್ಲಿ ಹೋಗುವಾಗ ಶಾಲೆಯೊಂದರ ಮುಂದೆ ಓಟಿನ ಸಾಲು ಕಂಡಿತು. ಯಾವುದೋ ಕ್ಷೇತ್ರ, ಯಾವುದೋ ಚುನಾವಣೆ. ಇವರು ಗಂಟೆ ಒತ್ತಿ ಇಳಿದೇಬಿಟ್ಟರು! ಸೀದಾ ಹೋಗಿ ತಮ್ಮ ಪಕ್ಷದ ಬಣ್ಣದ ಅಂಗಿ ತೊಟ್ಟಿದ್ದ ಹುಡುಗಿಯಿಂದ ಕರಪತ್ರದ ಕಟ್ಟು ಇಸಿದುಕೊಂಡು, ಹೆಸರೂ ಕೇಳಿರದ ಅಭ್ಯರ್ಥಿಯ ಪರವಾಗಿ ಹಂಚತೊಡಗಿದರು. ನಾನು ನೆರಳು ಹುಡುಕಿಕೊಂಡು ಕೂತೆ. ಓಟಿನ ದಿನ ಇಲ್ಲಿ ಮತಗಟ್ಟೆಯ ಮುಂದೆ ಮಾಂಸದ ಸಾಸೇಜು ಸುಟ್ಟು ಬ್ರೆಡ್ಡಿನಲ್ಲಿಟ್ಟು ಮಾರುತ್ತಾರೆ, ಅದು ನಮಗಾಗದ್ದು. ಬ್ರೆಡ್ಡಿನಲ್ಲಿ ಬರೀ ಈರುಳ್ಳಿ ಹಾಕಿಸಿಕೊಂಡು ಬಂದು ನನಗೂ ಒಂದು ಕೊಟ್ಟರು.

"ಯಾರಿಗೋ ಕೇಳ್ಲಿಕ್ಕೆ ಇಷ್ಟು ಚೆನ್ನಾಗಿ ಬರುತ್ತೆ ನಿಮಗೆ. ನಿಮಗೇ ಕೇಳ್ಕೊಳ್ಳೋಕೆ ಏನಾಗಿತ್ತು ಅಂಕಲ್?" ಎಂದೆ. ಹಳೆಯ ಉರಿ ಇನ್ನೂ ಸ್ವಲ್ಪ ಇತ್ತು.

ಅವರು ಬ್ರೆಡ್ಡು ಅಗಿಯುತ್ತಾ ಕೂತಿದ್ದರು. "ಮರ್ಯಾದೆ ಅಂತ ಮಾಡಿದ್ದೆ ಮಾರಾಯ್ತಿ. ರಘು ಹೇಳಿದ ಮೇಲೆ ಯೋಚಿಸಿದೆ. ನನ್ನ ಮರ್ಯಾದೆ ಒಂದೇ ನೋಡ್ಕೊಂಡದ್ದು ನಾನು. ಅವನು ಈಗ್ಲೂ ಸಿಕ್ಕಿದ್ರೆ ಮಾತಾಡ್ತಾನೆ, ಆದ್ರೆ ಮನೆ ಒಳಗೆ ಬನ್ನಿ ಅನ್ನುದಿಲ್ಲ." ಕೈಗಂಟಿದ ಬ್ರೆಡ್ಡಿನ ಚೂರು ಕೊಡವಿ ಹೇಳಿದರು. "ಮುಂದಿನ ಪ್ರಿಸೆಲೆಕ್ಷನ್ನಿಗೆ ಮತ್ತೆ ನಿಲ್ತೇನೆ."

ನಿಂತರು. ಅಷ್ಟರಲ್ಲಿ ಮಾರ್ಗರೆಟ್ ಕೌನ್ಸಿಲ್ ಚುನಾವಣೆ ಗೆದ್ದು ಒಳ್ಳೆಯ ಕೌನ್ಸಿಲರ್ ಆಗಿಬಿಟ್ಟಿದ್ದಳು. ಇವರು ಪ್ರತಿ ಸಭೆಯಲ್ಲೂ ಎದ್ದು ನಿಂತು ಕೇಳಿ ಕೇಳಿ, ಕೊನೆಗೆ ಅವಳು ಅರ್ಧ ಫುಟ್‌ಪಾತ್ ಹಾಕಿಸಿಯೂ ಇದ್ದಳು. ನಮ್ಮವರಲ್ಲಿ ಎಷ್ಟೋ ಜನ ಮಾರ್ಟ್‌ಗೇಜ್ ಮಾಡಿ ಸ್ವಂತ ಮನೆ ಕೊಂಡು ಬೇರೆ ಸಬರ್ಬುಗಳಿಗೆ ಹೋಗಿದ್ದರು. ಗೆಲ್ಲುವುದು ಕಷ್ಟವೆಂದು ಅವರಿಗೆ ಗೊತ್ತಿತ್ತು. ಆದರೂ ಈ ಸಲ ಮನೆ ಮನೆಗೆ ಹೋಗಿ, ಕೂತು, ಬಾಯಿಬಿಟ್ಟು ಕೇಳಿದರಂತೆ. ಕೇಳುವಾಗ ಕಿವಿ ಕೆಂಪಾಗುತ್ತಿತ್ತು ಎಂದು ಆಂಟಿ ಫೋನಿನಲ್ಲಿ ಹೇಳಿ ನಕ್ಕರು. ರಘುವಿನ ಗೇಟಿಗೂ ಹೋಗಿದ್ದರು. "ರಘು, ನನಗೆ ನಿನ್ನ ಓಟು ಬೇಕು. ನಾನೂ ನನಗೇ ಹಾಕ್ತೇನೆ" ಎಂದರಂತೆ. ನೋಡುವ ಎಂದನಂತೆ ಅವನು.

ಪ್ರಿಸೆಲೆಕ್ಷನ್ನಿನ ವಾರ ನನಗೆ ಸಿಡ್ನಿಯಲ್ಲೇ, ಚಾಟ್ಸ್‌ವುಡ್ಡಿನ ಆಫೀಸಿನಲ್ಲಿ ಕೆಲಸವಿತ್ತು. ಶನಿವಾರ ಉಳಿದುಕೊಂಡು ಓಟು ನಡೆಯುವ ಹಾಲ್‌ಗೆ ಹೋದೆ. ವಿಳಾಸ ಮೆಲ್ಬರ್ನಿನದಾದ್ದರಿಂದ ನನಗೆ ಓಟಿರಲಿಲ್ಲ, ಆಂಟಿಯ ಜೊತೆ ಹೊರಗಿನ ಮೆಟ್ಟಿಲ ಮೇಲೆ ಕೂತೆ. ಆಂಟಿ ಮೊದಲೇ ಓಟು ಹಾಕಿ ಬಂದಿದ್ದರು. ಕೊನೆಯ ಗಳಿಗೆಯಲ್ಲಿ ರಘು ಬಂದ, ನಮ್ಮ ಕಡೆ ತಲೆಯಾಡಿಸಿ ಒಳಗೆ ಹೋಗಿ ಓಟು ಹಾಕಿದ. ಹೊರಗೆ ಬಂದವನು ಹೋಗಲಿಲ್ಲ, ಕಂಬಕ್ಕೆ ಒರಗಿ ನಿಂತ.

ಒಳಗಿನಿಂದ ಚಪ್ಪಾಳೆ ಕೇಳಿತು. ಮಾರ್ಗರೆಟ್ ಈ ಸಲ ಹನ್ನೊಂದು ಓಟುಗಳಿಂದ ಗೆದ್ದಿದ್ದಳು.

ಕ್ಯಾಂಡಿಡೇಟರು ಕೋಟು ತೋಳಿಗೆ ಹಾಕಿಕೊಂಡು ಹೊರಗೆ ಬಂದರು. ಆಂಟಿ ಫಲಿತಾಂಶ ಕೇಳಲೇ ಇಲ್ಲ.

"ಹಾಕಿದ್ರಾ?" ಎಂದರು.

"ಹಾಕಿದೆ. ದೊಡ್ಡದಾಗಿ ಬರ್ದೆ, ಒಂದು ಅಂತ. ಆಚೆ ಈಚೆ ನೋಡಿ ಬರ್ದೆ, ಕದ್ದವ್ರ ಹಾಗೆ." ಅವರು ನಗುತ್ತಿದ್ದರು, ಕಣ್ಣು ಒದ್ದೆಯಾಗಿತ್ತು. ಆಮೇಲೆ ಕಂಬದ ಕಡೆ ತಿರುಗಿದರು.

"ಹೋದ ಸಲ ನಾನು ಆಚೆ ಕಡೆ ಇದ್ದೆ ರಘು. ಈ ಸಲ ನಿಮ್ಮೊಟ್ಟಿಗೆ ಸೋತೆ."

ರಘು ಹತ್ತಿರ ಬಂದು ಅವರ ತೋಳಿನಿಂದ ಕೋಟು ತೆಗೆದುಕೊಂಡ.

"ಬನ್ನಿ ಅಂಕಲ್, ಮನೆಗೆ ಹೋಗುವ" ಎಂದ. "ಇವಳು ಅಡುಗೆ ಮಾಡಿ ಕಾಯ್ತಾ ಇದ್ದಾಳೆ."